ಸುರಂಗಗಳ ನಡುವೆ ಸಿಕ್ಕಷ್ಟು ಲಾವೋಸ್: ವಿಯೆಂಟಿಯಾನ್–ಲುವಾಂಗ್ ಪ್ರಬಾಂಗ್ ರೈಲು ಪ್ರಯಾಣದ ವಿಮರ್ಶೆ

ಲಾವೋಸ್‌ನ ರಾಜಧಾನಿ ವಿಯೆಂಟಿಯಾನ್‌ನಿಂದ ಉತ್ತರದ ಲುವಾಂಗ್ ಪ್ರಬಾಂಗ್‌ಗೆ ಹೋಗುವವರು ಲಾವೋಸ್–ಚೀನಾ ರೈಲನ್ನು ಹಿಡಿಯಬಹುದೇ ಎಂದು ಕೇಳಿದರೆ, ಖಂಡಿತ ಹಿಡಿಯಬಹುದು. 13ನೇ ಹೆದ್ದಾರಿಯಲ್ಲಿ ಬೆಟ್ಟಗಳನ್ನು ಬಳಸಿಕೊಂಡು ಹೋಗುವ ಬಸ್ಸಿಗೆ ಎಂಟರಿಂದ ಹತ್ತು ಗಂಟೆ ಹಿಡಿಯುವ ದಾರಿಯನ್ನು ಈ ರೈಲು ಸುಮಾರು ಎರಡು ಗಂಟೆಯಲ್ಲಿ ಮುಗಿಸುತ್ತದೆ. ನಾನು ಪ್ರಯಾಣಿಸಿದ ದಿನ ಅದು ಹೇಳಿದ ಹೊತ್ತಿಗೆ ಹೊರಟು, ಹೇಳಿದ ಹೊತ್ತಿಗೆ ತಲುಪಿತು. ಆದರೆ ಕಿಟಕಿಯ ಪಕ್ಕ ಕುಳಿತು ದೇಶವನ್ನೇ ನೋಡಿಬಿಡೋಣ ಎಂದುಕೊಂಡು ಹೋದವರಿಗೆ ಸಿಗುವುದು ತುಣುಕುಗಳು ಮಾತ್ರ.

ಟಿಕೆಟ್ ಪಡೆಯುವುದೇ ಮೊದಲ ತೊಡಕು. ಮಾರಾಟ ಪ್ರಯಾಣಕ್ಕೆ ಕೆಲವೇ ದಿನ ಮುಂಚೆ ಆರಂಭವಾಗುವುದರಿಂದ, ತಿಂಗಳ ಮೊದಲೇ ಎಲ್ಲವನ್ನೂ ಗೊತ್ತುಮಾಡಿಕೊಳ್ಳುವ ಅಭ್ಯಾಸದವರಿಗೆ ಕಳವಳ ತಪ್ಪಿದ್ದಲ್ಲ. ನಾನು ಒಬ್ಬ ಏಜೆಂಟರ ಮೊರೆಹೋದೆ. ಅವರು ಟಿಕೆಟ್ಟಿನ ಮೇಲೆ ಗಣನೀಯ ಮೊತ್ತವನ್ನು ಸೇರಿಸಿದರಲ್ಲದೆ, ಕೇಳಿದ ಕಿಟಕಿಯ ಸೀಟನ್ನೂ ಕೊಡಿಸಲಿಲ್ಲ. ಎರಡನೇ ದರ್ಜೆಯ ದರವೂ ಲಾವೋಸ್‌ನ ಹಣವಾದ ಕಿಪ್‌ನಲ್ಲಿ ಲಕ್ಷಗಳ ಲೆಕ್ಕದಲ್ಲಿರುತ್ತದೆ. ಮೊದಲ ಸಲ ಕೇಳಿದವರು ಬೆಚ್ಚಬೇಕಾಗಿಲ್ಲ. ಇಲ್ಲಿ ಊಟದ ಬಿಲ್ಲೂ ಅದೇ ಲೆಕ್ಕದಲ್ಲಿ ಬರುತ್ತದೆ.

ನಿಲ್ದಾಣ ಊರಿನಿಂದ ಬಹಳ ಹೊರಗಿದೆ. ಬಯಲಿನ ನಡುವೆ ಎದ್ದುನಿಂತ ಆ ವಿಶಾಲ ಕಟ್ಟಡದ ಮೇಲೆ ಹೆಸರು ಲಾವೋ ಮತ್ತು ಚೀನೀ ಲಿಪಿಗಳಲ್ಲಿದೆ. ಪಾಸ್‌ಪೋರ್ಟ್ ತೋರಿಸಿ, ಸಾಮಾನನ್ನು ಯಂತ್ರದೊಳಗೆ ಕಳಿಸಿ, ಮೈ ತಪಾಸಣೆ ಮಾಡಿಸಿಕೊಂಡು ಒಳಗೆ ಹೋದರೆ, ಕರೆ ಬರುವವರೆಗೂ ಪ್ಲಾಟ್‌ಫಾರ್ಮಿಗೆ ಬಿಡುವುದಿಲ್ಲ. ಚಾಕು, ಕತ್ತರಿಗಳ ಜೊತೆಗೆ ಸ್ಪ್ರೇ ಡಬ್ಬಿಗಳಿಗೂ ಪ್ರವೇಶವಿಲ್ಲ. ನನ್ನ ಸೊಳ್ಳೆ ನಿವಾರಕ ಅಲ್ಲಿಯೇ ಉಳಿಯಿತು; ನಿಯಮ ಓದಿಕೊಳ್ಳದೆ ಹೋದ ತಪ್ಪು ನನ್ನದೇ. ರೈಲು ಹೊರಡುವುದಕ್ಕೆ ಒಂದು ಗಂಟೆ ಮುಂಚೆ ನಿಲ್ದಾಣದಲ್ಲಿರುವುದು ಕ್ಷೇಮ.

ರೈಲಿಗೆ ಲಾವೋಸ್ ಧ್ವಜದ ಕೆಂಪು, ನೀಲಿ, ಬಿಳಿ ಬಣ್ಣ ಬಳಿದಿದ್ದಾರೆ. ಹೆಸರು ‘ಲಾನ್ ಸಾಂಗ್’, ಅಂದರೆ ಹತ್ತು ಲಕ್ಷ ಆನೆ. 1353ರಲ್ಲಿ ಫಾ ಙುಂ ಎಂಬ ದೊರೆ ಕಟ್ಟಿದ ರಾಜ್ಯದ ಹೆಸರಿದು. ಒಳಗೆ ಎರಡನೇ ದರ್ಜೆಯಲ್ಲಿ ಒಂದು ಬದಿಗೆ ಮೂರು, ಇನ್ನೊಂದು ಬದಿಗೆ ಎರಡು ಸೀಟುಗಳು. ಸ್ವಚ್ಛತೆ, ಹವಾನಿಯಂತ್ರಣ, ಕಾಲು ಚಾಚಲು ಸ್ಥಳ ಯಾವುದಕ್ಕೂ ಕೊರತೆಯಿಲ್ಲ. ಗರಿಷ್ಠ ವೇಗ ಗಂಟೆಗೆ 160 ಕಿ.ಮೀ. ಮೇಜಿನ ಮೇಲಿಟ್ಟ ನೀರಿನ ಬಾಟಲಿಯೊಳಗೆ ಅಲೆ ಏಳುವುದಿಲ್ಲ ಎಂದರೆ ಓಟದ ನಯ ಅರ್ಥವಾದೀತು.

ವಾಂಗ್ ವಿಯೆಂಗ್ ತನಕ ಗದ್ದೆ ಬಯಲು ಹೆಚ್ಚಿರುವುದರಿಂದ ಕಣ್ಣಿಗೆ ಸಾಕಷ್ಟು ಸಿಗುತ್ತದೆ. ಆ ಊರಿನ ಹಿಂದೆ ಗೋಡೆಯಂತೆ ಎದ್ದಿರುವ ಸುಣ್ಣಕಲ್ಲಿನ ಬೆಟ್ಟಗಳನ್ನು ನೋಡುತ್ತಿದ್ದಂತೆಯೇ ಮೊದಲ ಉದ್ದನೆಯ ಕತ್ತಲು ಕವಿಯುತ್ತದೆ. ಅಲ್ಲಿಂದ ಮುಂದೆ ಆಟ ಒಂದೇ: ಸುರಂಗ, ಮೂರು ಸೆಕೆಂಡಿನ ಹಸಿರು, ಒಂದು ತೊರೆ, ಒಂದು ತಗಡಿನ ಸೂರು, ಮತ್ತೆ ಸುರಂಗ. ಕ್ಯಾಮೆರಾ ಎತ್ತಿ ಹಿಡಿದವರ ಕೈ ಕೆಳಗಿಳಿಯುವ ಹೊತ್ತಿಗೆ ಬೆಳಕು ಬರುತ್ತದೆ, ಮತ್ತೆ ಎತ್ತುವಷ್ಟರಲ್ಲಿ ಹೋಗಿರುತ್ತದೆ. ವಿಯೆಂಟಿಯಾನ್‌ನಿಂದ ಚೀನಾ ಗಡಿಯ ಬೋತೆನ್ ತನಕದ ಸುಮಾರು 420 ಕಿ.ಮೀ. ಮಾರ್ಗದಲ್ಲಿ 75 ಸುರಂಗಗಳಿದ್ದು, ಅವುಗಳ ಉದ್ದವೇ ಒಟ್ಟು ದಾರಿಯ ಅರ್ಧದ ಹತ್ತಿರಕ್ಕೆ ಬರುತ್ತದೆ.

ಈ ಕತ್ತಲು ರೈಲಿನ ದೋಷವೇನಲ್ಲ, ನೆಲದ ಗುಣ. ಸುಮಾರು 2,36,800 ಚದರ ಕಿ.ಮೀ. ವಿಸ್ತೀರ್ಣದ ಲಾವೋಸ್‌ನಲ್ಲಿ ಬಹುಪಾಲು ಬೆಟ್ಟ ಮತ್ತು ಪ್ರಸ್ಥಭೂಮಿ; ಜನಸಂಖ್ಯೆ ಮುಕ್ಕಾಲು ಕೋಟಿಯ ಆಸುಪಾಸು. ಚೀನಾ, ವಿಯೆಟ್ನಾಂ, ಕಾಂಬೋಡಿಯಾ, ಥಾಯ್ಲೆಂಡ್, ಮ್ಯಾನ್ಮಾರ್‌ಗಳ ನಡುವೆ ಸಿಕ್ಕಿಕೊಂಡಿರುವ ಇದು ಆಗ್ನೇಯ ಏಷ್ಯಾದಲ್ಲಿ ಕಡಲಿಲ್ಲದ ಏಕೈಕ ದೇಶ. ಮೆಕಾಂಗ್ ನದಿಯೇ ಚೀನಾಕ್ಕೆ ಹೆದ್ದಾರಿಯಾದೀತು ಎಂದು 1860ರ ದಶಕದಲ್ಲಿ ಕನಸು ಕಂಡಿದ್ದ ಫ್ರೆಂಚರಿಗೆ ದಕ್ಷಿಣದ ಖೋನ್ ಜಲಪಾತಗಳು ಅಡ್ಡ ಬಂದವು. ದೋಣಿಗಳನ್ನೂ ಸರಕನ್ನೂ ಆ ಜಲಪಾತಗಳಿಂದಾಚೆ ಸಾಗಿಸಲು ಅವರು ನದಿಯ ದ್ವೀಪಗಳಲ್ಲಿ ಹಾಕಿದ ಕೆಲವೇ ಕಿಲೋಮೀಟರುಗಳ ಪುಟ್ಟ ಹಳಿ ಈ ದೇಶದ ಮೊದಲ ರೈಲು. ಅದು ನಿಂತುಹೋದ ಮೇಲೆ, 2009ರಲ್ಲಿ ಥಾಯ್ ಗಡಿಯಿಂದ ವಿಯೆಂಟಿಯಾನ್ ಬಳಿಯ ಥಾನಾಲೆಂಗ್‌ವರೆಗೆ ಬಂದ ಸುಮಾರು ಮೂರೂವರೆ ಕಿ.ಮೀ. ಹಳಿ ಬಿಟ್ಟರೆ, 2021ರ ಡಿಸೆಂಬರ್ 3ರಂದು ಈ ಮಾರ್ಗ ತೆರೆಯುವ ತನಕ ಇಲ್ಲಿ ರೈಲು ಎಂಬುದೇ ಇರಲಿಲ್ಲ.

ನನ್ನ ಎದುರಿಗೆ ಕುಳಿತಿದ್ದ ಹಿರಿಯ ಹೆಂಗಸೊಬ್ಬರು ಬಿದಿರಿನ ಪುಟ್ಟ ಬುಟ್ಟಿಯ ಮುಚ್ಚಳ ತೆಗೆದು, ಅಂಟಕ್ಕಿಯ ಅನ್ನವನ್ನು ಮೂರು ಬೆರಳಿನಲ್ಲಿ ಚಿವುಟಿ, ಉಂಡೆ ಮಾಡಿ, ಮೆಣಸಿನಕಾಯಿ ಚಟ್ನಿಗೆ ತಾಗಿಸಿ ತಿನ್ನುತ್ತಿದ್ದರು. ಬೆರಳಿಗೆ ಒಂದು ಅಗುಳೂ ಅಂಟಲಿಲ್ಲ. ನನಗೂ ಒಂದು ಉಂಡೆ ಬಂತು. ತಳ್ಳುಗಾಡಿಯಲ್ಲಿ ಬಂದ ಪೊಟ್ಟಣದ ತಿಂಡಿಯನ್ನು ಆಮೇಲೆ ನಾನು ಮುಟ್ಟಲಿಲ್ಲ. ಭಾಷೆ ಗೊತ್ತಿಲ್ಲದ ನಮ್ಮಿಬ್ಬರ ಸಂಭಾಷಣೆ ಅಷ್ಟಕ್ಕೇ ಮುಗಿಯಿತು. ಆದರೆ ಲಾವೋಸ್‌ನ ಸಮಾಜವನ್ನು ಈ ರೈಲು ಹೇಗೆ ದಾಟುತ್ತದೆ ಎಂಬುದರ ಸುಳಿವು ನನ್ನ ಜೇಬಿನಲ್ಲಿದ್ದ ಸಾವಿರ ಕಿಪ್ ನೋಟಿನಲ್ಲೇ ಇತ್ತು. ಅದರ ಮೇಲೆ ಬೇರೆ ಬೇರೆ ಉಡುಗೆಯ ಮೂವರು ಹೆಂಗಸರ ಚಿತ್ರವಿದೆ: ಕಣಿವೆಯ ಲಾವೋ ಲುಂ, ಇಳಿಜಾರಿನ ಲಾವೋ ಥುಂಗ್, ಎತ್ತರದ ಲಾವೋ ಸೂಂಗ್. ಸರ್ಕಾರ ಇಂದು 50 ಜನಾಂಗಗಳನ್ನು ಅಧಿಕೃತವಾಗಿ ಗುರುತಿಸುವುದಾದರೂ, ವಾಸಿಸುವ ಎತ್ತರಕ್ಕೆ ತಕ್ಕಂತೆ ಜನರನ್ನು ವಿಂಗಡಿಸುವ ಹಳೆಯ ರೂಢಿ ಮಾತಿನಲ್ಲಿ ಉಳಿದಿದೆ. ನಿಲ್ದಾಣಗಳೆಲ್ಲ ಕಣಿವೆಗಳಲ್ಲಿವೆ, ಇಳಿಜಾರಿನ ಖ್ಮು ಮತ್ತು ಎತ್ತರದ ಮೊಂಗ್ ಜನರ ಬೆಟ್ಟಗಳ ಅಡಿಯಲ್ಲಿ ರೈಲು ಸುರಂಗದೊಳಗೇ ಸಾಗಿಬಿಡುತ್ತದೆ. ಅದೇ ಬೆಟ್ಟಗಳನ್ನು ಹತ್ತಿ ಇಳಿಯುವ ಬಸ್ಸಿನವರಿಗೆ ಸಿಗುವ ಊರುಗಳು, ರಸ್ತೆಬದಿಯ ಸಂತೆಗಳು ನಮಗೆ ಸಿಗುವುದಿಲ್ಲ.

ಇಷ್ಟು ಸುಖದ ಬೆಲೆ ಟಿಕೆಟ್ಟಿನಲ್ಲಿ ಮುದ್ರಿತವಾಗಿಲ್ಲ. ಮಾರ್ಗದ ವೆಚ್ಚ ಸುಮಾರು 600 ಕೋಟಿ ಡಾಲರ್, ಅಂದರೆ ದೇಶದ ಒಂದು ವರ್ಷದ ಒಟ್ಟು ಉತ್ಪನ್ನದ ಸುಮಾರು ಮೂರನೇ ಒಂದು ಪಾಲು. ಇದನ್ನು ನಡೆಸುವ ಜಂಟಿ ಕಂಪನಿಯಲ್ಲಿ ಚೀನಾದ ಪಾಲು 70%, ಲಾವೋಸ್‌ನದು 30%; ಹಣದ ದೊಡ್ಡ ಭಾಗ ಚೀನಾದ ಬ್ಯಾಂಕಿನ ಸಾಲ. ಮೆಕಾಂಗ್ ಮತ್ತು ಅದರ ಉಪನದಿಗಳಿಗೆ ಅಣೆಕಟ್ಟು ಕಟ್ಟಿ, ವಿದ್ಯುತ್ತನ್ನು ಮುಖ್ಯವಾಗಿ ಥಾಯ್ಲೆಂಡಿಗೆ ಮಾರಿ, ‘ಆಗ್ನೇಯ ಏಷ್ಯಾದ ಬ್ಯಾಟರಿ’ ಆಗುತ್ತೇವೆ ಎಂದು ಹೊರಟ ದೇಶ ಅದಕ್ಕೂ ಸಾಲ ಮಾಡಿತ್ತು. ವಿದೇಶಿ ಸಾಲದ ಕಂತುಗಳ ಭಾರದ ನಡುವೆ, 2021ರ ಆರಂಭದಲ್ಲಿ ಡಾಲರಿಗೆ ಒಂಬತ್ತು ಸಾವಿರ ಚಿಲ್ಲರೆ ಇದ್ದ ಕಿಪ್ 2023ರಲ್ಲಿ ಇಪ್ಪತ್ತು ಸಾವಿರ ದಾಟಿತು. ಆ ವರ್ಷದ ಆರಂಭದಲ್ಲಿ ಹಣದುಬ್ಬರ 40% ಮೀರಿತ್ತು. ಪ್ರವಾಸಿಗೆ ಅಗ್ಗವೆನಿಸುವ ಪ್ರತಿಯೊಂದರ ಹಿಂದೆಯೂ ಈ ಕುಸಿತವಿದೆ ಎಂಬುದು ಸೀಟಿಗೆ ಒರಗಿ ಕುಳಿತಾಗ ಸ್ವಲ್ಪ ಮುಜುಗರ ತರುವ ವಿಷಯ. ಮಾರ್ಗಕ್ಕಾಗಿ ಜಮೀನು ಬಿಟ್ಟುಕೊಟ್ಟ ಕುಟುಂಬಗಳ ಸಂಖ್ಯೆ ಸಾವಿರಗಳಲ್ಲಿದೆ. 1964ರಿಂದ 1973ರ ನಡುವೆ ಅಮೆರಿಕದ ವಿಮಾನಗಳು ಈ ನೆಲದ ಮೇಲೆ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿಸಿದ್ದರಿಂದ, ಹಳಿ ಹಾಕುವ ಮುನ್ನ ಸಿಡಿಯದೆ ಉಳಿದವನ್ನು ಹುಡುಕಿ ತೆಗೆಯಬೇಕಾಯಿತು ಎಂಬುದನ್ನೂ ಇಲ್ಲಿ ಹೇಳಬೇಕು.

ಸರಕಿನ ವಿಷಯದಲ್ಲಿ ಈ ಮಾರ್ಗಕ್ಕೆ ಭವಿಷ್ಯವಿದೆ ಎಂದು ನನಗನ್ನಿಸುತ್ತದೆ. 2023ರ ಏಪ್ರಿಲ್‌ನಿಂದ ಪ್ರಯಾಣಿಕರೂ ನೇರವಾಗಿ ಚೀನಾದ ಕುನ್‌ಮಿಂಗ್‌ವರೆಗೆ ಹೋಗಬಹುದಾಗಿದೆ. ಆದರೆ ಥಾಯ್ ಹಳಿಯ ಅಗಲ ಒಂದು ಮೀಟರ್, ಇದರದ್ದು 1,435 ಮಿಲಿಮೀಟರ್. ಹಾಗಾಗಿ ಎರಡರ ನಡುವೆ ಕಂಟೇನರುಗಳನ್ನು ಎತ್ತಿ ಇಳಿಸುವ ಕೆಲಸ ತಪ್ಪುವುದಿಲ್ಲ.

ಸೇವೆಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಕಳೆದದ್ದು ನಿಲ್ದಾಣಗಳು ಊರಿನಿಂದ ಇಷ್ಟು ದೂರವಿರುವುದಕ್ಕೆ. ಸಮಯವಿದ್ದವರು ಹೋಗುವಾಗ ರೈಲು, ಬರುವಾಗ ಬಸ್ಸು ಎಂದು ಇಟ್ಟುಕೊಂಡರೆ ಬೆಟ್ಟದ ಒಳಗನ್ನೂ ಮೇಲನ್ನೂ ನೋಡಿದಂತಾಗುತ್ತದೆ. ಲುವಾಂಗ್ ಪ್ರಬಾಂಗ್ ನಿಲ್ದಾಣದ ಹೊರಗೆ ವ್ಯಾನುಗಳು ಸಾಲಾಗಿ ನಿಂತಿರುತ್ತವೆ. ತುಂಬುವ ತನಕ ಹೊರಡುವುದಿಲ್ಲ, ಚಾಲಕರಿಗೆ ಯಾವ ಅವಸರವೂ ಇರುವುದಿಲ್ಲ. ಎರಡು ಗಂಟೆಯ ರೈಲಿನಲ್ಲಿ ನಾನು ಹುಡುಕುತ್ತಲೇ ಬಂದ ಮೆಕಾಂಗ್ ಕಣ್ಣಿಗೆ ಬಿದ್ದದ್ದು, ಆ ವ್ಯಾನು ಊರೊಳಗೆ ಬಂದು ನದಿಯ ದಂಡೆಯ ರಸ್ತೆಗೆ ತಿರುಗಿದಾಗ.