ಟ್ಯಾಪ್ ಹರ್ನಿಯಾಗೆ ವಿ-ಲಾಕ್ 90 ದಾರ: ದುಡ್ಡು ಕೊಡಬಹುದಾ?

ತೊಡೆಸಂದಿನ ಹರ್ನಿಯಾನ ಲ್ಯಾಪ್ರೋಸ್ಕೋಪಿಲಿ ಟ್ಯಾಪ್ (TAPP, ಹೊಟ್ಟೆಯೊಳಗಿಂದ ಒಳಪದರ ಬಿಡಿಸಿ ಅದರ ಹಿಂದೆ ಜಾಲರಿ ಇಡೋ ಆಪರೇಷನ್) ಮಾಡೋರಿಗೆ ಮೆಶ್ ಅಂದ್ರೆ ಆ ಜಾಲರಿ ಕೂರಿಸೋದು ಒಂದು ಕೆಲಸ ಆದ್ರೆ, ಅದರ ಮೇಲೆ ಪೆರಿಟೋನಿಯಂ ಅಂದ್ರೆ ಆ ಒಳಪದರ ಮುಚ್ಚೋದು ಅದಕ್ಕಿಂತ ದೊಡ್ಡ ಕೆಲಸ. ಹೊಲಿಗೆ ಹಾಕೋ ಜಾಗ ಹೊಟ್ಟೆಯ ಮುಂದಿನ ಗೋಡೆ, ಅಂದ್ರೆ ಚಾವಣಿ ಕಡೆ ತಿರುಗಿಸ್ಕೊಂಡು ಸೂಜಿ ಹಾಕ್ಬೇಕು, ಮಾಮೂಲಿ ವಿಕ್ರಿಲ್ (ಮುಳ್ಳಿಲ್ಲದ, ಕರಗೋ ದಾರ) ಆದ್ರೆ ಅಸಿಸ್ಟೆಂಟ್ ದಾರ ಹಿಡಿದೇ ಇರ್ಬೇಕು, ಬಿಟ್ಟ ತಕ್ಷಣ ಹಿಂದಿನ ಹೊಲಿಗೆ ಎಲ್ಲಾ ಸಡಿಲ ಆಗ್ಬಿಡುತ್ತೆ. ಹಾಗಾಗಿ ನಾನೀಗ ಮೆಡ್‌ಟ್ರಾನಿಕ್‌ನವರ ವಿ-ಲಾಕ್ 90 ಅನ್ನೋ ಕರಗೋ ಮುಳ್ಳುದಾರ ಬಳಸ್ತಿದೀನಿ, ತುಂಬಾ ಇಷ್ಟ ಆಗಿದೆ.

ಇದರ ಮೈತುಂಬಾ ಸಣ್ಣ ಮುಳ್ಳು, ಗೋಧಿ ತೆನೆ ಥರ ಒಂದು ಕಡೆಗೆ ಮಾತ್ರ ಜಾರುತ್ತೆ. ತುದೀಲಿ ಒಂದು ಕುಣಿಕೆ ಇರುತ್ತೆ, ಮೊದಲ ಹೊಲಿಗೆ ಹಾಕಿ ಸೂಜಿನ ಅದರೊಳಗೆ ತೂರಿಸಿದ್ರೆ ಮುಗೀತು, ಗಂಟು ಬೇಕಾಗಿಲ್ಲ. ಮಧ್ಯೆ ಬಿಟ್ಟು ಉಸಿರಾಡಿದ್ರೂ ಹೊಲಿಗೆ ಕದಲಲ್ಲ. ಹೊಟ್ಟೆಯ ಗ್ಯಾಸ್ ಪ್ರೆಷರ್‌ನ 8 mmHg ಹತ್ರ ಇಳಿಸ್ಕೊಳ್ಳಿ, ಅಂಚುಗಳು ತಾವಾಗೇ ಹತ್ರ ಬರ್ತವೆ. 15 ಸೆಂಟಿಮೀಟರ್ ಉದ್ದದ ದಾರ ಪೆರಿಟೋನಿಯಂ ಬಿಡಿಸಿದ ದೊಡ್ಡ ಫ್ಲ್ಯಾಪ್‌ಗೆ ಸಾಲಲ್ಲ, 23ರದ್ದೇ ತಗೊಳ್ಳಿ.

ಇದೇ ದಾರದಲ್ಲಿ ಇನ್ನೂ ನಿಧಾನಕ್ಕೆ ಕರಗೋ ವಿ-ಲಾಕ್ 180 ಯಾಕೆ ಬೇಡ ಅಂತ ಪಿಜಿ ಹುಡುಗ್ರು ಕೇಳ್ತಾರೆ. ಚರ್ಮದ ಗಾಯ ಅಂಚಿಂದ ಒಳಗೆ ಮಾಯುತ್ತೆ, ಪೆರಿಟೋನಿಯಂ ಹಾಗಲ್ಲ, ಗಾಯದ ಇಡೀ ಮೈಮೇಲೆ ಒಟ್ಟಿಗೇ ಹೊಸ ಪದರ ಕೂರುತ್ತೆ, ಸಣ್ಣದಿರ್ಲಿ ದೊಡ್ಡದಿರ್ಲಿ ಹೆಚ್ಚುಕಮ್ಮಿ ಒಂದು ವಾರದಲ್ಲಿ ಮುಚ್ಕೊಳ್ಳುತ್ತೆ. 90 ಎರಡು ವಾರ ಆದ್ಮೇಲೂ ಮುಕ್ಕಾಲು ಪಾಲು ಬಲ ಉಳಿಸ್ಕೊಂಡಿರುತ್ತೆ, ಮೂರು ತಿಂಗಳ ಆಸುಪಾಸಲ್ಲಿ ಕರಗುತ್ತೆ. ಅದಕ್ಕಿಂತ ಜಾಸ್ತಿ ದಿನ ದಾರ ಅಲ್ಲಿದ್ದು ಮಾಡೋದೇನೂ ಇಲ್ಲ. ಹರ್ನಿಯಾ ವಾಪಸ್ ಬರದ ಹಾಗೆ ತಡೆಯೋದು ಮೆಶ್, ಈ ಹೊಲಿಗೆ ಅಲ್ಲ. ಹೊಲಿಗೆ ಕೆಲಸ ಏನಿದ್ರೂ ಕರುಳಿಗೂ ಮೆಶ್‌ಗೂ ಮಧ್ಯೆ ಪರದೆ ಕಟ್ಟೋದು. ಎಲ್ಲಾದ್ರೂ ಸಂದಿ ಬಿಟ್ರೆ ಕರುಳು ಅದರೊಳಗೆ ತೂರಿ ಸಿಕ್ಕಾಕೊಳ್ಳಬಹುದು, ಬರೀ ಮೆಶ್‌ನ ಪಾಲಿಪ್ರೊಪಿಲೀನ್‌ಗೆ ಅಂಟ್ಕೋಬಹುದು.

ಈಗ ಎಚ್ಚರಿಕೆ, ಇದನ್ನ ದಯವಿಟ್ಟು ಗಮನ ಇಟ್ಟು ಓದಿ. ದಾರದ ಬಾಲ. ಮುಳ್ಳಿರೋ ಬಾಲ ಹೊಟ್ಟೆಯೊಳಗೆ ಚಾಚ್ಕೊಂಡಿದ್ರೆ ಸಣ್ಣ ಕರುಳನ್ನೋ ಕರುಳನ್ನ ಹಿಡಿದಿರೋ ಪದರಾನೋ (ಮೆಸೆಂಟರಿ) ಹಿಡ್ಕೊಂಡು, ಕರುಳು ಕಟ್ಕೊಂಡು ಅಬ್‌ಸ್ಟ್ರಕ್ಷನ್ ಆಗಿರೋ ಕೇಸ್‌ಗಳು ವೈದ್ಯಕೀಯ ಜರ್ನಲ್‌ಗಳಲ್ಲಿ ದಾಖಲಾಗಿವೆ, ಇದು ಯಾವುದೋ ಒಂದು ಕಂಪನಿದಲ್ಲ, ಮುಳ್ಳುದಾರ ಯಾವುದಾದ್ರೂ ಹೀಗೇ. ಕೊನೇಲಿ ಒಂದೆರಡು ಹೊಲಿಗೆ ಹಿಂದಕ್ಕೆ ಹಾಕಿ, ಪೆರಿಟೋನಿಯಂ ಮಟ್ಟಕ್ಕೇ ಕತ್ತರಿಸಿ, ಬಾಲ ಹೊರಗೆ ಇಣುಕದ ಹಾಗೆ ನೋಡ್ಕೊಳ್ಳಿ. ಕ್ಯಾಮೆರಾ ಹೊರಗೆ ತೆಗೆಯೋ ಮುಂಚೆ ಹೊಲಿಗೆ ಸಾಲನ್ನ ಈ ತುದಿಯಿಂದ ಆ ತುದಿ ಪೂರ್ತಿ ಒಂದ್ಸಲ ನೋಡಲೇಬೇಕು.

ಜೋರಾಗಿ ಎಳೀಲೂಬಾರ್ದು. ವಯಸ್ಸಾದವರ ಪೆರಿಟೋನಿಯಂ ಹಾಳೆ ಥರ ತೆಳ್ಳಗಿರುತ್ತೆ, ಮುಳ್ಳು ವಾಪಸ್ ಬರಲ್ಲ, ವಾಪಸ್ ಎಳೆಯೋಕೆ ಹೋದ್ರೆ ಹರಿಯುತ್ತೆ. ಬಿಗಿ ಜಾಸ್ತಿ ಆದ್ರೆ ರಕ್ತ ಓಡಲ್ಲ, ರಕ್ತ ಇಲ್ಲದ ಅಂಚಲ್ಲೇ ಅಂಟು (ಕರುಳು ಅಂಟ್ಕೊಳ್ಳೋ ಎಳೆ) ಬೆಳೆಯೋದು. ಅಂಚು ಅಂಚಿಗೆ ತಾಗಿದ್ರೆ ಸಾಕು.

ಬೆಲೆ ವಿಕ್ರಿಲ್‌ಗಿಂತ ಎಷ್ಟೋ ಪಟ್ಟು ಜಾಸ್ತಿ, ಕೂಲಿ ಮಾಡೋ ಪೇಷಂಟ್ ಬಿಲ್‌ಗೆ ಇದನ್ನ ಸೇರಿಸೋ ಮುಂಚೆ ಯೋಚ್ನೆ ಮಾಡ್ಲೇಬೇಕು. ಕೈ ಕುದುರಿರೋ ಸರ್ಜನ್ ವಿಕ್ರಿಲ್ ಹಾಕಿದ್ರೂ ಆ ಪೇಷಂಟ್‌ಗೆ ಏನೂ ಕಮ್ಮಿ ಆಗಲ್ಲ. ಕಲೀತಿರೋರು ಮೊದಲು ಬಾಕ್ಸ್ ಟ್ರೇನರ್ (ಅಭ್ಯಾಸ ಮಾಡೋ ಪೆಟ್ಟಿಗೆ) ಮೇಲೆ ಒಳಗೇ ಗಂಟು ಹಾಕೋದು ಕಲ್ತು ಆಮೇಲೆ ಇದನ್ನ ಹಿಡೀರಿ, ಯಾಕಂದ್ರೆ ಮುಳ್ಳುದಾರ ಮಧ್ಯದಲ್ಲಿ ತುಂಡಾದ್ರೆ ಕೈಗೆ ಬರೋದು ವಿಕ್ರಿಲ್ಲೇ.