ಸ್ಕ್ಯಾನರ್ ಕೋಡ್ ತೋರಿಸಿದ ಮೇಲಿನ ಕೆಲಸ: ಮೆಕ್ಯಾನಿಕ್‌ಗಳ ಉನ್ನತ ದೋಷಪತ್ತೆ ತರಬೇತಿಯೊಂದರ ವಿಮರ್ಶೆ

ಸ್ವಂತ ಗ್ಯಾರೇಜು ನಡೆಸುವವರಿಗೂ ಅಲ್ಲಿ ಹಲವು ವರ್ಷ ಕೆಲಸ ಮಾಡಿ ಕೈ ಪಳಗಿದ ಮೆಕ್ಯಾನಿಕ್‌ಗಳಿಗೂ ಬೆಂಗಳೂರಿನ ಖಾಸಗಿ ತರಬೇತಿ ಕೇಂದ್ರವೊಂದು ವಾಹನಗಳ ಉನ್ನತ ದೋಷಪತ್ತೆ ತರಬೇತಿಯನ್ನು ನಡೆಸುತ್ತಿದೆ. ನಮ್ಮ ಗ್ಯಾರೇಜಿನ ಇಬ್ಬರು ಹುಡುಗರ ಜೊತೆಯಲ್ಲಿ ನಾನೂ ಪೂರ್ತಿ ತರಗತಿಗೆ ಹಾಜರಾಗಿದ್ದೆ. ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಎತ್ತುವ ಕೊರತೆಗಳು ಈ ಬಗೆಯ ಬಹುತೇಕ ತರಬೇತಿಗಳಿಗೆ ಅನ್ವಯಿಸುವಂಥವು, ಹೊಗಳುವ ಅಂಶಗಳು ಎಲ್ಲಿ ಹಣ ಕಟ್ಟುವವರಾದರೂ ಕೇಳಿ ಪಡೆಯಬೇಕಾದವು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳುವುದಾದರೆ, ಪಾರ್ಟ್ಸ್ ಬದಲಿಸುವ ಮುನ್ನ ಅಳತೆ ಮಾಡಿ ಖಚಿತಪಡಿಸಿಕೊಳ್ಳುವ ಕ್ರಮವನ್ನು ಈ ತರಬೇತಿ ಚೆನ್ನಾಗಿ ಕಲಿಸುತ್ತದೆ, ಅಷ್ಟರ ಮಟ್ಟಿಗೆ ಕೊಟ್ಟ ಹಣ ಸಾರ್ಥಕ. ಆದರೆ ಎಲೆಕ್ಟ್ರಿಕ್ ವಾಹನಗಳ ಭಾಗವನ್ನು ಈಗಿರುವ ರೂಪದಲ್ಲಿ ಯಾರಿಗೂ ಶಿಫಾರಸು ಮಾಡಲಾರೆ.

ಇಂಥ ತರಬೇತಿ ಈಗ ಏಕೆ ಬೇಕು ಎಂಬುದು ಕೆಲಸದಲ್ಲಿರುವವರಿಗೆ ಗೊತ್ತಿರುವ ವಿಷಯವೇ. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೂ 125 ಸಿಸಿಗಿಂತ ಹೆಚ್ಚಿನ ದ್ವಿಚಕ್ರ ವಾಹನಗಳಿಗೂ ಬ್ರೇಕ್ ಹಾಕಿದಾಗ ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಕಡ್ಡಾಯವಾಯಿತು. ಮರುವರ್ಷ, ಅಂದರೆ 2020ರ ಏಪ್ರಿಲ್ 1ರಂದು, ವಾಹನಗಳ ಹೊಗೆಗೆ ಮಿತಿ ಹಾಕುವ ಭಾರತ್ ಸ್ಟೇಜ್ (ಬಿಎಸ್) ಮಾನದಂಡದಲ್ಲಿ ಬಿಎಸ್ 5 ಎಂಬ ಮೆಟ್ಟಿಲನ್ನೇ ಬಿಟ್ಟು ದೇಶ ನೇರವಾಗಿ ಬಿಎಸ್ 6ಕ್ಕೆ ಹೋಯಿತು. ಡೀಸೆಲ್ ಗಾಡಿಗಳಿಗೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಬಂತು, ಕೆಲವಕ್ಕೆ ಹೊಗೆ ಶುದ್ಧಗೊಳಿಸುವ ಯೂರಿಯಾ ದ್ರಾವಣದ ಟ್ಯಾಂಕೂ ಸೇರಿಕೊಂಡಿತು, ಬೈಕುಗಳಲ್ಲಿ ಕಾರ್ಬ್ಯುರೇಟರ್ ಇದ್ದ ಜಾಗಕ್ಕೆ ಇಂಜೆಕ್ಟರ್ ಬಂತು. 2023ರಲ್ಲಿ ಜಾರಿಯಾದ ಎರಡನೇ ಹಂತದಲ್ಲಿ ರಸ್ತೆಯ ಮೇಲೆ ಓಡುವಾಗಿನ ಹೊಗೆಯೂ ಲೆಕ್ಕಕ್ಕೆ ಬಂತು. ಇಷ್ಟೆಲ್ಲ ಬದಲಾದರೂ ನಮ್ಮ ಬಹುಪಾಲು ಗ್ಯಾರೇಜುಗಳಲ್ಲಿ ದೋಷಪತ್ತೆಯೆಂದರೆ ಗಾಡಿಯ ಕಂಪ್ಯೂಟರಿನಿಂದ ದೋಷದ ಕೋಡ್ ಓದುವ ಸ್ಕ್ಯಾನರ್ ಚುಚ್ಚಿ, ಬಂದ ಕೋಡಿನಲ್ಲಿ ಯಾವ ಪಾರ್ಟಿನ ಹೆಸರಿದೆಯೋ ಅದನ್ನು ಬೆಂಗಳೂರಿನ ಪಾರ್ಟ್ಸ್ ಮಾರುಕಟ್ಟೆಯಾದ ಜೆ.ಸಿ. ರಸ್ತೆಯಿಂದ ತರಿಸಿ ಹಾಕುವುದು ಎಂದೇ ಉಳಿದಿದೆ. ಹಾಕಿದ ಪಾರ್ಟಿನಿಂದ ದೋಷ ಹೋಗದಿದ್ದರೆ ನಷ್ಟ ಗಾಡಿಯ ಮಾಲೀಕನದು, ಹೆಸರು ಕೆಡುವುದು ಗ್ಯಾರೇಜಿನದು.

ತರಬೇತಿಯ ಗಟ್ಟಿ ಭಾಗ ಯಾವುದೆಂದು ತೋರಿಸಲು ಒಂದು ಪಾಠವನ್ನು ವಿವರವಾಗಿ ಹೇಳುವುದು ಸೂಕ್ತ. ಕಾಮನ್ ರೈಲ್ ಡೀಸೆಲ್ ಎಂಜಿನ್ನಿನ, ಅಂದರೆ ಎಲ್ಲ ಇಂಜೆಕ್ಟರ್‌ಗಳಿಗೂ ‘ರೈಲ್’ ಎಂಬ ಒಂದೇ ಕೊಳವೆಯಿಂದ ಹೆಚ್ಚಿನ ಒತ್ತಡದಲ್ಲಿ ಡೀಸೆಲ್ ಹೋಗುವ ಕಾರೊಂದನ್ನು ನಿಲ್ಲಿಸಿದ್ದರು. ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಸ್ಕ್ಯಾನರ್‌ನಲ್ಲಿ ಪಿ0087, ಅಂದರೆ ರೈಲಿನಲ್ಲಿ ಇಂಧನದ ಒತ್ತಡ ಸಾಲದು ಎಂಬ ಕೋಡ್. ನಮ್ಮ ತಂಡದಲ್ಲಿದ್ದ ಯುವಕನೊಬ್ಬ ತಕ್ಷಣ, “ಸರ್, ಹೈ ಪ್ರೆಶರ್ ಪಂಪ್ ಹೋಗಿದೆ” ಎಂದ. ತರಬೇತುದಾರರು ಅವನನ್ನು ಗದರಲಿಲ್ಲ. “ಆಗಲಿ ತಮ್ಮಾ, ಪಂಪ್ ಬಿಚ್ಚೋಣ. ಬಿಚ್ಚೋಕೆ ಮುಂಚೆ ಪ್ರೆಶರ್ ಎಷ್ಟಕ್ಕೆ ಬಂದು ನಿಲ್ತಿದೆ, ಅದನ್ನ ಹೇಳು” ಎಂದರು. ಅಲ್ಲಿಂದ ಮುಂದೆ ನಡೆದದ್ದೆಲ್ಲವೂ ಆ ಒಂದು ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ.

ಮೊದಲು ಕೀಲಿ ಆನ್ ಮಾಡಿ, ಎಂಜಿನ್ ತಿರುಗಿಸದೆ, ರೈಲ್ ಪ್ರೆಶರ್ ಸೆನ್ಸರಿನ ವೋಲ್ಟೇಜ್ ನೋಡಿದೆವು. ಗಾಡಿ ತುಂಬಾ ಹೊತ್ತು ನಿಂತಿದ್ದರಿಂದ ರೈಲಿನಲ್ಲಿ ಒತ್ತಡ ಇರಬಾರದು. ಮೀಟರ್ ಸುಮಾರು ಅರ್ಧ ವೋಲ್ಟ್ ತೋರಿಸಿತು, ಸ್ಕ್ಯಾನರ್ ಸೊನ್ನೆಗೆ ಹತ್ತಿರದ ಒತ್ತಡ ತೋರಿಸಿತು. ಎರಡೂ ಹೊಂದಿಕೊಂಡಿದ್ದರಿಂದ ಸೆನ್ಸರ್ ಸುಳ್ಳು ಹೇಳುತ್ತಿದೆ ಎಂದು ಅನುಮಾನಿಸಲು ಸದ್ಯಕ್ಕೆ ಕಾರಣವಿರಲಿಲ್ಲ. ಸೆಲ್ಫ್ ಹೊಡೆದಾಗ ಒತ್ತಡ ಏರತೊಡಗಿತಾದರೂ ನೂರು ಬಾರ್ ಮುಟ್ಟುವ ಮೊದಲೇ ನಿಂತಿತು. ಆ ಎಂಜಿನ್ ಹೊತ್ತಿಕೊಳ್ಳಲು ಸುಮಾರು ಇನ್ನೂರು ಬಾರ್ ಬೇಕು. ನಂತರ ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಪಾರದರ್ಶಕ ಪೈಪನ್ನು ಜೋಡಿಸಿ ಗಾಳಿಯ ಗುಳ್ಳೆ ಬರುತ್ತಿದೆಯೇ ಎಂದು ನೋಡಿದೆವು, ಬರುತ್ತಿರಲಿಲ್ಲ. ಆಮೇಲೆ ನಾಲ್ಕೂ ಇಂಜೆಕ್ಟರ್‌ಗಳ ರಿಟರ್ನ್ ಪೈಪು ತೆಗೆದು ಒಂದೊಂದಕ್ಕೂ ಅಳತೆಗೆರೆಯಿರುವ ಸಣ್ಣ ಬಾಟಲಿ ಕಟ್ಟಿ ಸೆಲ್ಫ್ ಹೊಡೆದಾಗ, ಮೂರು ಬಾಟಲಿಗಳ ತಳ ಮಾತ್ರ ಒದ್ದೆಯಾಗಿ, ಮೂರನೆಯ ಸಿಲಿಂಡರಿನ ಬಾಟಲಿ ಕಣ್ಣೆದುರೇ ಅರ್ಧ ತುಂಬಿತು. ಅಲ್ಲಿಗೂ ತರಬೇತುದಾರರು ತೃಪ್ತರಾಗಲಿಲ್ಲ. ಆ ಇಂಜೆಕ್ಟರಿಗೆ ರೈಲಿನಿಂದ ಹೋಗುವ ದಾರಿಯನ್ನು ಒತ್ತಡ ತಾಳುವ ಮುಚ್ಚಳದಿಂದ ಬಂದ್ ಮಾಡಿಸಿ ಮತ್ತೆ ಸೆಲ್ಫ್ ಹೊಡೆಸಿದರು. ಒತ್ತಡ ಇನ್ನೂರು ದಾಟಿತು, ಎಂಜಿನ್ ಮೂರೇ ಸಿಲಿಂಡರಿನಲ್ಲಿ ನಡುಗುತ್ತ ಸ್ಟಾರ್ಟ್ ಆಯಿತು. ಪಂಪ್ ಚೆನ್ನಾಗಿದೆ, ಅದು ತಳ್ಳಿದ ಡೀಸೆಲ್ ಸವೆದ ಇಂಜೆಕ್ಟರ್ ಒಂದರ ಮೂಲಕ ಟ್ಯಾಂಕಿಗೆ ವಾಪಸು ಹೋಗುತ್ತಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಪುರಾವೆ ಬೇಕಿರಲಿಲ್ಲ. ಹೊಸ ಇಂಜೆಕ್ಟರ್ ಹಾಕಿದ ಮೇಲೆ ಅದರ ತಲೆಯ ಮೇಲೆ ಕೆತ್ತಿರುವ ತಿದ್ದುಪಡಿ ಸಂಕೇತವನ್ನು ಎಂಜಿನ್ ನಿಯಂತ್ರಿಸುವ ಕಂಪ್ಯೂಟರಾದ ಇಸಿಯುಗೆ ಬರೆಯಿಸುವುದನ್ನೂ ಅಲ್ಲಿಯೇ ಮಾಡಿಸಿದರು. ಇದನ್ನು ಮಾಡದೆ ಗಾಡಿ ಕಳಿಸಿ, ಎಂಜಿನ್ ನಡುಗುತ್ತದೆ ಎಂಬ ದೂರನ್ನು ವಾರದೊಳಗೆ ವಾಪಸು ಪಡೆಯುವ ಗ್ಯಾರೇಜುಗಳು ಕಡಿಮೆಯಿಲ್ಲ.

ಇಡೀ ಪರೀಕ್ಷೆಗೆ ಬಳಸಿದ್ದು ಮೀಟರ್, ಸ್ಕ್ಯಾನರ್, ಪೈಪು, ಬಾಟಲಿ, ಮುಚ್ಚಳ ಇಷ್ಟೇ. ಪಂಪಿನ ಬೆಲೆಗೂ ಒಂದು ಇಂಜೆಕ್ಟರಿನ ಬೆಲೆಗೂ ಇರುವ ಅಂತರ ಗೊತ್ತಿರುವವರಿಗೆ ಈ ಪಾಠದ ಬೆಲೆಯನ್ನು ಬೇರೆ ವಿವರಿಸಬೇಕಾಗಿಲ್ಲ. ಪರೀಕ್ಷೆಗಳ ಸರದಿಯನ್ನು ಸುಲಭದ್ದರಿಂದ ಕಷ್ಟದ್ದಕ್ಕೆ, ಬಿಚ್ಚದೆ ಮಾಡುವುದರಿಂದ ಬಿಚ್ಚಿ ಮಾಡುವುದಕ್ಕೆ ಜೋಡಿಸುವ ರೀತಿಯನ್ನು ನಮ್ಮ ಹುಡುಗರು ಈ ಒಂದು ಪಾಠದಲ್ಲಿ ಹಿಡಿದುಕೊಂಡರು.

ತಂತಿಯ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತದೆ ಎಂದು ಅಳೆಯುವ ವೋಲ್ಟೇಜ್ ಡ್ರಾಪ್ ಪರೀಕ್ಷೆಗೆ ಕೊಟ್ಟ ಒತ್ತನ್ನೂ ನಾನು ಮೆಚ್ಚುತ್ತೇನೆ. ನಮ್ಮಲ್ಲಿ ಅರ್ತಿಂಗ್ ಪರೀಕ್ಷೆಯೆಂದರೆ ಮೀಟರನ್ನು ಕಂಟಿನ್ಯುಟಿಗೆ ಹಾಕಿ ಬೀಪ್ ಕೇಳುವುದು. ನೂರು ಎಳೆಯ ತಂತಿಯಲ್ಲಿ ಒಂದೇ ಎಳೆ ಉಳಿದಿದ್ದರೂ ಮೀಟರ್ ಬೀಪ್ ಎನ್ನುತ್ತದೆ, ಆದರೆ ಆ ಒಂದು ಎಳೆ ಸ್ಟಾರ್ಟರ್ ಮೋಟರಿನ ಕರೆಂಟನ್ನು ಹೊರಲಾರದು. ಆದ್ದರಿಂದ ಲೋಡ್ ಇರುವಾಗಲೇ, ಅಂದರೆ ಸೆಲ್ಫ್ ಹೊಡೆಯುತ್ತಿರುವಾಗಲೇ, ಬ್ಯಾಟರಿಯ ಮೈನಸ್‌ಗೂ ಎಂಜಿನ್ ಬ್ಲಾಕಿಗೂ ನಡುವೆ ಎಷ್ಟು ವೋಲ್ಟ್ ಕಾಣುತ್ತದೆ ಎಂದು ನೋಡಬೇಕು. 0.2 ವೋಲ್ಟ್‌ನೊಳಗೆ ಇದ್ದರೆ ಚಿಂತೆಯಿಲ್ಲ. ಅರ್ಧ ವೋಲ್ಟ್ ದಾಟಿದರೆ ಅರ್ತಿಂಗ್ ಪಟ್ಟಿಯನ್ನು ಬಿಚ್ಚಿ ತಿಕ್ಕಿ ಕೂರಿಸುವವರೆಗೆ ಬೇರೆ ಯಾವುದನ್ನೂ ಮುಟ್ಟಬಾರದು. ಮಳೆಗಾಲ ಜೋರಾಗಿರುವ ಮಲೆನಾಡು, ಕರಾವಳಿಯ ಕಡೆಯಿಂದ ಬರುವ ಗಾಡಿಗಳನ್ನು ನೋಡುವವರಿಗೆ ಈ ಒಂದೇ ಪರೀಕ್ಷೆ ಎಷ್ಟೋ ಇಸಿಯುಗಳನ್ನು ಉಳಿಸಿಕೊಡುತ್ತದೆ ಎಂದು ನಾನು ನಂಬುತ್ತೇನೆ.

ಕ್ಯಾನ್ ಜಾಲದ ಪಾಠವೂ ಇದೇ ನೆಲೆಯಲ್ಲಿ ಸಾಗಿತು. ಬಾಷ್ ಸಂಸ್ಥೆ 1986ರಲ್ಲಿ ಜಗತ್ತಿನ ಮುಂದಿಟ್ಟ ಈ ವ್ಯವಸ್ಥೆಯಲ್ಲಿ ಎಂಜಿನ್, ಎಬಿಎಸ್, ಏರ್‌ಬ್ಯಾಗ್, ಮೀಟರ್ ಬೋರ್ಡ್ ಎಲ್ಲವೂ ಒಂದಕ್ಕೊಂದು ಹೆಣೆದ ಎರಡೇ ತಂತಿಗಳಲ್ಲಿ ಮಾತನಾಡಿಕೊಳ್ಳುತ್ತವೆ. ತಂತಿಗಳ ಎರಡು ತುದಿಗಳಲ್ಲಿ 120 ಓಮ್‌ನ ಒಂದೊಂದು ರೆಸಿಸ್ಟರ್ ಇರುವುದರಿಂದ, ಬ್ಯಾಟರಿ ಕಳಚಿ, ಹದಿನಾರು ಪಿನ್ನಿನ ಡಯಾಗ್ನೋಸ್ಟಿಕ್ ಸಾಕೆಟ್‌ನ 6 ಮತ್ತು 14ನೇ ಪಿನ್ನುಗಳ ನಡುವೆ ಅಳೆದರೆ ಸುಮಾರು 60 ಓಮ್ ಬರಬೇಕು. 120 ಬಂದರೆ ಎಲ್ಲೋ ಒಂದು ಕಡೆ ದಾರಿ ಕಡಿದಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ. ನಡುವೆ ಗೇಟ್‌ವೇ, ಅಂದರೆ ಬೇರೆ ಬೇರೆ ಜಾಲಗಳ ನಡುವೆ ಸಂದೇಶ ದಾಟಿಸುವ ಘಟಕ ಇರುವ ಗಾಡಿಗಳಲ್ಲಿ ಸಾಕೆಟ್‌ನಿಂದ ಅಳೆದದ್ದು ಒಳಗಿನ ಎಲ್ಲ ಜಾಲಗಳ ಕತೆ ಹೇಳುವುದಿಲ್ಲ ಎಂಬ ಎಚ್ಚರಿಕೆಯನ್ನೂ ತಪ್ಪದೆ ಕೊಟ್ಟರು. ಮಾಡ್ಯೂಲ್‌ಗಳು ಒಟ್ಟೊಟ್ಟಿಗೆ ‘ಸಂಪರ್ಕವಿಲ್ಲ’ ಎಂದು ಕೋಡ್ ಕೊಡುವಾಗ ಎಲ್ಲಿಂದ ಶುರುಮಾಡಬೇಕೆಂದು ಗೊತ್ತಾಗದೆ ಗಾಡಿಯನ್ನು ಕಂಪನಿಯ ಸರ್ವಿಸ್ ಸೆಂಟರಿಗೆ ಎಳೆಸುವ ಗ್ಯಾರೇಜುಗಳಿಗೆ ಇದು ನೇರವಾಗಿ ಉಪಯೋಗಕ್ಕೆ ಬರುವ ವಿದ್ಯೆ.

ವಿದ್ಯುತ್ತಿನ ಏರಿಳಿತವನ್ನು ಪರದೆಯ ಮೇಲೆ ತರಂಗವಾಗಿ ತೋರಿಸುವ ಆಸಿಲೋಸ್ಕೋಪ್‌ಗೆ ಮೀಸಲಿಟ್ಟ ಸಮಯ ಸಾಲಲಿಲ್ಲ. ಬ್ಯಾಟರಿಯ ತಂತಿಗೆ ಕರೆಂಟ್ ಕ್ಲ್ಯಾಂಪ್ ಹಾಕಿ, ಎಂಜಿನ್ ಹೊತ್ತಿಕೊಳ್ಳದಂತೆ ಮಾಡಿ ಸೆಲ್ಫ್ ಹೊಡೆದರೆ, ಪ್ರತಿ ಸಿಲಿಂಡರಿನ ಕಂಪ್ರೆಷನ್‌ಗೂ ಪರದೆಯ ಮೇಲೆ ಒಂದೊಂದು ಏರು ಮೂಡುತ್ತದೆ. ಯಾವ ಏರು ಗಿಡ್ಡವಾಗಿದೆಯೋ ಆ ಸಿಲಿಂಡರ್ ದುರ್ಬಲ. ಸ್ಪಾರ್ಕ್ ಪ್ಲಗ್ ಒಂದನ್ನೂ ಬಿಚ್ಚದೆ ಇದನ್ನು ನೋಡಬಹುದು ಎಂದಾಗ ತರಗತಿಯಲ್ಲಿದ್ದ ಹಿರಿಯರೂ ಎದ್ದು ಪರದೆಯ ಬಳಿಗೆ ಬಂದರು. ಆದರೆ ಅಷ್ಟು ಜನಕ್ಕೆ ಇದ್ದ ಉಪಕರಣ ಒಂದೇ. ತರಂಗವನ್ನು ನೋಡುವುದು ಬೇರೆ, ಟೈಮ್‌ಬೇಸ್ (ಪರದೆಯ ಸಮಯದ ಅಳತೆ) ಮತ್ತು ವೋಲ್ಟೇಜಿನ ಅಳತೆಯನ್ನು ತಾನೇ ಹೊಂದಿಸಿ ಆ ತರಂಗವನ್ನು ಪರದೆಯ ಮೇಲೆ ತರುವುದು ಬೇರೆ. ಎರಡನೆಯದನ್ನು ಪ್ರತಿಯೊಬ್ಬರ ಕೈಯಲ್ಲೂ ಮಾಡಿಸದೆ ಬಿಟ್ಟದ್ದು ಈ ತರಬೇತಿಯ ದೊಡ್ಡ ಲೋಪ. ಶುಲ್ಕವನ್ನು ಒಂದಿಷ್ಟು ಹೆಚ್ಚಿಸಿಯಾದರೂ ಉಪಕರಣಗಳ ಸಂಖ್ಯೆ ಹೆಚ್ಚಿಸಬೇಕೆಂದು ನಾನು ಬರೆದುಕೊಟ್ಟು ಬಂದಿದ್ದೇನೆ.

ಕೊಟ್ಟ ಪುಸ್ತಕದ ಬಗ್ಗೆಯೂ ಹೇಳಲೇಬೇಕು. ಪಾಠವೆಲ್ಲ ಸೊಗಸಾದ ಕನ್ನಡದಲ್ಲಿ ನಡೆದರೂ ಕೈಗೆ ಬಂದ ಪುಸ್ತಕ ಪೂರ್ತಿ ಇಂಗ್ಲಿಷಿನಲ್ಲಿದೆ. ಫಾಲ್ಟ್ ಕೋಡು, ವೈರಿಂಗ್ ನಕ್ಷೆ ಇಂಗ್ಲಿಷಿನಲ್ಲಿರುವುದಕ್ಕೆ ತಕರಾರಿಲ್ಲ, ಅದನ್ನು ಓದಲು ಎಲ್ಲರೂ ಕಲಿತಿದ್ದಾರೆ. ಆದರೆ ಪರೀಕ್ಷೆಯ ಕ್ರಮ, ಮುನ್ನೆಚ್ಚರಿಕೆ, ಬಂದ ಅಳತೆಯ ಅರ್ಥ ಇವುಗಳನ್ನು ನಾಲ್ಕು ತಿಂಗಳ ನಂತರ ಮತ್ತೆ ತೆಗೆದು ನೋಡಬೇಕಾದವನು ಹತ್ತನೇ ತರಗತಿಗೆ ಶಾಲೆ ಬಿಟ್ಟು ಕೆಲಸ ಕಲಿತ ಹುಡುಗ. ಅವನಿಗಾಗಿ ನಡೆಸುವ ತರಬೇತಿಯಲ್ಲಿ ಅವನು ಓದಲಾಗುವ ಪುಸ್ತಕ ಇರಲೇಬೇಕು. ನಮ್ಮ ಹುಡುಗರು ತರಗತಿಯಲ್ಲಿ ಬರೆದುಕೊಂಡ ನೋಟ್ಸನ್ನು ಶುದ್ಧಪ್ರತಿ ಮಾಡಿಸಿ ಗ್ಯಾರೇಜಿನ ಗೋಡೆಗೆ ಅಂಟಿಸಿದ್ದೇವೆ. ಈಗ ದಿನವೂ ಬಳಕೆಯಾಗುತ್ತಿರುವುದು ಅದೇ.

ಎಲೆಕ್ಟ್ರಿಕ್ ವಾಹನಗಳ ಭಾಗವನ್ನು ನಾನು ಒಪ್ಪದಿರುವುದಕ್ಕೆ ಕಾರಣ ಸುರಕ್ಷತೆ. ಬಹುತೇಕ ಎಲೆಕ್ಟ್ರಿಕ್ ಕಾರುಗಳ ಬ್ಯಾಟರಿಯಲ್ಲಿ ಸುಮಾರು ಮುನ್ನೂರು ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚಿನ ಡಿಸಿ ಇರುತ್ತದೆ. ಬ್ಯಾಟರಿಯ ಸಂಪರ್ಕ ಕಡಿಯುವ ಸರ್ವಿಸ್ ಪ್ಲಗ್ ತೆಗೆದ ಮೇಲೂ, ಡಿಸಿಯನ್ನು ಮೋಟರಿಗೆ ಬೇಕಾದ ಎಸಿಯಾಗಿ ಬದಲಿಸುವ ಇನ್ವರ್ಟರಿನ ಕೆಪಾಸಿಟರ್‌ಗಳಲ್ಲಿ ಚಾರ್ಜ್ ಉಳಿದಿರುತ್ತದೆ. ತಯಾರಕರು ಹೇಳಿದಷ್ಟು ಹೊತ್ತು ಕಾದು, ಸರಿಯಾದ ದರ್ಜೆಯ ಕೈಗವಸು ಧರಿಸಿ, ವೋಲ್ಟೇಜ್ ಇಲ್ಲವೆಂದು ಮೀಟರಿನಲ್ಲಿ ಕಂಡ ನಂತರವೇ ಕಿತ್ತಳೆ ಬಣ್ಣದ ಕೇಬಲ್‌ಗಳ ಹತ್ತಿರ ಕೈ ಹೋಗಬೇಕು. ಇದನ್ನೆಲ್ಲ ಸ್ಲೈಡುಗಳಲ್ಲಿ ತೋರಿಸಿದರೇ ಹೊರತು ನಿಜವಾದ ವಾಹನದ ಮೇಲೆ ಒಬ್ಬರಿಂದಲೂ ಮಾಡಿಸಲಿಲ್ಲ. ಆದರೂ ಪ್ರಮಾಣಪತ್ರದಲ್ಲಿ ಎಲೆಕ್ಟ್ರಿಕ್ ವಾಹನವೂ ಸೇರಿದೆ ಎಂದು ಅಚ್ಚಾಗಿದೆ. ಆ ಕಾಗದವನ್ನು ನಂಬಿ ಇಪ್ಪತ್ತೆರಡು ವರ್ಷದ ಹುಡುಗನೊಬ್ಬ ಬ್ಯಾಟರಿಯ ಮುಚ್ಚಳ ತೆಗೆದರೆ ಆಗಬಹುದಾದ ಅನಾಹುತಕ್ಕೆ ಎರಡನೇ ಅವಕಾಶವಿರುವುದಿಲ್ಲ. ನಮ್ಮ ಹುಡುಗರಿಗೆ ಈ ಕೆಲಸವನ್ನು ಸದ್ಯಕ್ಕೆ ಮುಟ್ಟಬಾರದೆಂದು ಹೇಳಿದ್ದೇನೆ.

ಶುಲ್ಕ ಒಬ್ಬರಿಗೆ ನಮ್ಮ ಹಿರಿಯ ಮೆಕ್ಯಾನಿಕ್ ಒಬ್ಬರ ತಿಂಗಳ ಸಂಬಳಕ್ಕೆ ಹತ್ತಿರ ಬರುತ್ತದೆ, ಊಟ ಸೇರಿ, ವಸತಿ ಬಿಟ್ಟು. ಮಲ್ಟಿಮೀಟರ್ ಹಿಡಿದು ಅಭ್ಯಾಸವಿಲ್ಲದವರು, ಓಮ್‌ನ ನಿಯಮ ಮರೆತವರು ನೇರವಾಗಿ ಇಲ್ಲಿಗೆ ಹೋದರೆ ಮೊದಲ ದಿನವೇ ಹಿಂದೆ ಬೀಳುತ್ತಾರೆ. ಅಂಥವರು ಮೊದಲು ಆಟೋ ಎಲೆಕ್ಟ್ರಿಕಲ್‌ನ ಮೂಲಪಾಠ ಮುಗಿಸಿಕೊಳ್ಳುವುದು ಒಳ್ಳೆಯದು. ಮಾಲೀಕರು ಹುಡುಗರನ್ನು ಮಾತ್ರ ಕಳಿಸದೆ ತಾವೂ ಹೋಗಬೇಕು ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಕಲಿತು ಬಂದ ಹುಡುಗ ಒಂದು ಗಾಡಿಯ ಮುಂದೆ ಮೀಟರ್ ಹಿಡಿದು ಒಂದು ಗಂಟೆ ನಿಂತರೆ ಆ ಗಂಟೆಗೆ ಗಿರಾಕಿಯಿಂದ ಹಣ ಕೇಳಬೇಕಾದವರು ಮಾಲೀಕರು. ನಮ್ಮಲ್ಲಿ ಈಗ ದೋಷಪತ್ತೆಯ ಶುಲ್ಕವನ್ನು ಬಿಲ್ಲಿನಲ್ಲಿ ಬೇರೆ ಸಾಲಿನಲ್ಲಿ ಬರೆಯುತ್ತಿದ್ದೇವೆ, ತೆಗೆದ ಅಳತೆಗಳನ್ನು ಜಾಬ್ ಕಾರ್ಡಿನ ಹಿಂಬದಿಯಲ್ಲಿ ನಮೂದಿಸಿ ಗಿರಾಕಿಗೆ ತೋರಿಸುತ್ತೇವೆ. ಹಣ ಕಟ್ಟುವ ಮೊದಲು ತರಬೇತಿ ಕೇಂದ್ರವನ್ನು ಎರಡು ವಿಷಯ ಕೇಳಿ: ಒಂದು ವಾಹನಕ್ಕೆ ಎಷ್ಟು ಜನ, ಮತ್ತು ತರಬೇತಿ ಮುಗಿದ ಮೇಲೆ ವೈರಿಂಗ್ ನಕ್ಷೆಗಳು ಎಲ್ಲಿ ಸಿಗುತ್ತವೆ. ಎರಡನೆಯ ಪ್ರಶ್ನೆಗೆ ನಮಗೆ ತೃಪ್ತಿಕರ ಉತ್ತರ ಸಿಗಲಿಲ್ಲ. ನಕ್ಷೆಗಳ ಚಂದಾವನ್ನು ನಾವು ಪ್ರತ್ಯೇಕವಾಗಿ ಮಾಡಿಸಿಕೊಳ್ಳಬೇಕಾಯಿತು, ಆ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿಕೊಳ್ಳಿ.