ಪುಟ 272 ಆದಮೇಲೆ ಮತ್ತೆ 257: ರೋಮ್‌ಕಾಮ್ ಗಿಫ್ಟ್ ಬಾಕ್ಸ್ ತರಿಸುವವರು ಇದನ್ನೊಮ್ಮೆ ಓದಿ

ಮೈಸೂರಿನ ಸರಸ್ವತಿಪುರಂ ವಿಳಾಸಕ್ಕೆ ಬಂದ ಒಂದು ಪೆಟ್ಟಿಗೆಯ ಕಥೆ ಇದು. ಬೆಲೆ 1,799 ರೂಪಾಯಿ, ಪೂರ್ತಿ ಹಣ ಮೊದಲೇ ಯುಪಿಐ ಮೂಲಕ. ಒಳಗಿದ್ದದ್ದು ಎರಡು ಇಂಗ್ಲಿಷ್ ರೊಮ್ಯಾಂಟಿಕ್ ಕಾಮಿಡಿ ಕಾದಂಬರಿ, ಎರಡಕ್ಕೂ ಅಂಚಿನಲ್ಲಿ ಗುಲಾಬಿ ಬಣ್ಣ. ಜೊತೆಗೆ ನಾಲ್ಕು ಮ್ಯಾಗ್ನೆಟ್ ಬುಕ್‌ಮಾರ್ಕ್, ಒಂದು ಕಟ್ಟು ಸ್ಟಿಕಿ ಟ್ಯಾಬ್, ‘ಶ್ರೀಗಂಧದ’ ಬುಕ್‌ಮಾರ್ಕ್, ಪುಸ್ತಕ ಹಾಕಿಡುವ ಬಟ್ಟೆ ಚೀಲ, ಸುವಾಸನೆಯ ಮೇಣದಬತ್ತಿ. ಬಿಚ್ಚಿಟ್ಟರೆ ನಿಶ್ಚಿತಾರ್ಥದ ತಟ್ಟೆ ಜೋಡಿಸಿದ ಹಾಗಿತ್ತು. ಹದಿನೈದು ದಿನ ಆಗುವಷ್ಟರಲ್ಲಿ ಅದರಲ್ಲಿ ನೆಟ್ಟಗೆ ಉಳಿದದ್ದು ರಟ್ಟಿನ ಪೆಟ್ಟಿಗೆ ಒಂದೇ.

ಮಾರಿದವರ ಹೆಸರು ಬರೆಯುತ್ತಿಲ್ಲ. ಸೋಷಿಯಲ್ ಮೀಡಿಯಾದ ಇಂಥ ಪೇಜ್‌ಗಳು ಇವತ್ತು ಒಂದು ಹೆಸರಲ್ಲಿ ಮುಚ್ಚಿ ನಾಳೆ ಇನ್ನೊಂದರಲ್ಲಿ ತೆರೆಯುತ್ತವೆ. ಮಾಲನ್ನು ಗುರುತು ಹಿಡಿಯಲು ಕಲಿತರೆ ಹೆಸರು ಯಾವುದಾದರೇನು.

ಮೊದಲು ಪುಸ್ತಕ. ಎರಡರಲ್ಲಿ ಒಂದು 350 ಪುಟದ್ದು. ಪುಟ 272 ಮುಗಿದ ಮೇಲೆ 273 ಬರಬೇಕಲ್ಲ, ಬಂದದ್ದು 257. ಮತ್ತೆ 272ರ ತನಕ ಅದೇ ಪುಟಗಳು, ಆಮೇಲೆ ನೇರವಾಗಿ 289. ಇದು ಅಚ್ಚಿನ ಸಣ್ಣ ತಪ್ಪಲ್ಲ. ಪುಸ್ತಕ ಅಚ್ಚಾಗುವುದು ಫಾರಂ ಲೆಕ್ಕದಲ್ಲಿ. ಹದಿನಾರು ಪುಟದ ಒಂದೊಂದು ಹಾಳೆಯನ್ನು ಮಡಚಿ, ಒಂದರ ಮೇಲೊಂದು ಜೋಡಿಸಿ, ಬೆನ್ನಿಗೆ ಗೋಂದು ಹಾಕುತ್ತಾರೆ. 257ರಿಂದ 272 ಹದಿನೇಳನೇ ಫಾರಂ. ಜೋಡಿಸಿದವರು ಅದನ್ನೇ ಎರಡು ಸಲ ಇಟ್ಟು ಹದಿನೆಂಟನೆಯದನ್ನು ಬಿಟ್ಟಿದ್ದಾರೆ. ಒಳ್ಳೆಯ ಪ್ರೆಸ್‌ನಲ್ಲೂ ಅಪರೂಪಕ್ಕೆ ಹೀಗಾಗುತ್ತದೆ, ಆದರೆ ಅಲ್ಲಿ ಅಂಗಡಿಯವರು ಪ್ರತಿ ಬದಲಿಸಿ ಕೊಡುತ್ತಾರೆ. ಕಳ್ಳ ಮುದ್ರಣದಲ್ಲಿ ಜೋಡಣೆಯನ್ನು ಮತ್ತೊಮ್ಮೆ ನೋಡುವವರೇ ಇರುವುದಿಲ್ಲ.

ರೋಮ್‌ಕಾಮ್ ಓದುವವರಿಗೆ ಇದರ ಸಂಕಟ ಬೇಗ ಅರ್ಥವಾಗುತ್ತದೆ. ಹಾವು-ಮುಂಗುಸಿ ಜೋಡಿ ಇರಲಿ, ಊರಿಗೆ ತೋರಿಸಲು ಸುಳ್ಳು ಪ್ರೀತಿ ನಟಿಸುವ ಜೋಡಿ ಇರಲಿ, ಹೋಟೆಲಿನಲ್ಲಿ ಉಳಿದದ್ದು ಒಂದೇ ಮಂಚ ಅನ್ನುವ ಕಥೆ ಇರಲಿ, ಮುಕ್ಕಾಲು ಭಾಗ ದಾಟಿದ ಮೇಲೆ ಒಂದು ದೊಡ್ಡ ಜಗಳ ಇದ್ದೇ ಇರುತ್ತದೆ. 350 ಪುಟದ ಪುಸ್ತಕದಲ್ಲಿ ಅದು ಬೀಳುವುದು ಸರಿಯಾಗಿ 260-280ರ ಆಸುಪಾಸು. ಹಾಗಾಗಿ ಈ ಪ್ರತಿಯಲ್ಲಿ ಜಗಳ ಎರಡು ಸಲ ಆಯಿತು. ರಾಜಿ ಯಾವಾಗ ಆಯಿತೋ ಆ ದೇವರಿಗೇ ಗೊತ್ತು. 289ರಲ್ಲಿ ಇಬ್ಬರೂ ಕೂತು ಕಾಫಿ ಕುಡಿಯುತ್ತಿದ್ದಾರೆ.

ಪುಸ್ತಕ ಕೈಗೆ ಬಂದ ಕೂಡಲೇ ಕಥೆ ಶುರು ಮಾಡಬೇಡಿ. ಮೊದಲು ಪುಟಸಂಖ್ಯೆ ಮಾತ್ರ ನೋಡುತ್ತಾ ಹಾಳೆ ತಿರುವಿ. ಫಾರಂ ಬದಲಾಗುವ ಜಾಗ ಅಂದರೆ 16, 32, 48, 64 ಹೀಗೆ. ಅಲ್ಲಲ್ಲೇ ನಿಂತು ನೋಡಿದರೆ ಎರಡು ನಿಮಿಷದ ಕೆಲಸ. ಮೊದಲ ಪುಟಗಳಿಗೆ ಬೇರೆ ಅಂಕಿ ಹಾಕಿದ್ದರೆ ಈ ಲೆಕ್ಕ ಕೆಲವು ಪುಟ ಆಚೀಚೆ ಆಗುತ್ತದೆ, ಅಷ್ಟೆ.

ಕಾಗದ ಹಗುರ ಅಂದ ಮಾತ್ರಕ್ಕೆ ನಕಲಿ ಅಂತ ತೀರ್ಮಾನಿಸುವವರು ಬಹಳ. ಅದು ತಪ್ಪು. ಅಸಲಿ ಪೇಪರ್‌ಬ್ಯಾಕ್‌ಗಳ ಕಾಗದವೂ ಹಗುರವೇ. ಕೆನೆಬಣ್ಣದ, ಉಬ್ಬಿದ, ಸ್ವಲ್ಪ ಒರಟು ಕಾಗದ. ನೋಡಬೇಕಾದದ್ದು ಹಿಂದಿನ ಅಕ್ಷರ ಮುಂದಕ್ಕೆ ಕಾಣುತ್ತದೆಯೇ ಅನ್ನುವುದನ್ನು. ಒಂದೇ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿಯುವುದಲ್ಲ, ಹಾಗೆ ಹಿಡಿದರೆ ಎಲ್ಲವೂ ಕಾಣುತ್ತದೆ. ಪುಸ್ತಕವನ್ನು ಮೇಜಿನ ಮೇಲೆ ಬಿಚ್ಚಿಟ್ಟು ಮಾಮೂಲಿ ಓದುವ ಬೆಳಕಿನಲ್ಲಿ ನೋಡಬೇಕು. ಸಾಲುಗಳ ನಡುವೆ ಬೂದು ನೆರಳು ಕಂಡರೆ ಅನುಮಾನ ಪಡಿ. ಆಮೇಲೆ ಹಿಂಬದಿಯ ರಕ್ಷಾಪುಟದಲ್ಲಿ ಅತಿ ಸಣ್ಣ ಅಕ್ಷರ ಎಲ್ಲಿದೆಯೋ ಅಲ್ಲಿ ಕಣ್ಣಿಡಿ. ನಕಲಿಯವರು ಅಸಲಿ ಮುಖಪುಟವನ್ನೇ ಸ್ಕ್ಯಾನ್ ಮಾಡಿರುತ್ತಾರೆ, ಹಾಗಾಗಿ ದೊಡ್ಡ ಚಿತ್ರ ಸುಮಾರಾಗಿ ಬಂದರೂ ಸಣ್ಣ ಅಕ್ಷರದ ಅಂಚು ಹೊಗೆ ಹಿಡಿದ ಹಾಗೆ ಮಸುಕಾಗಿರುತ್ತದೆ. ಅಸಲಿಯಲ್ಲಿ ಬೆರಳಿಗೆ ತಾಗುವಂತೆ ಉಬ್ಬಿದ್ದ ಶೀರ್ಷಿಕೆ ಇಲ್ಲಿ ಸಪಾಟು. ಬೆನ್ನಿನ ಮೇಲಿನ ಹೆಸರು ಒಂದು ಪಕ್ಕಕ್ಕೆ ಜಾರಿರುತ್ತದೆ.

ಪುಸ್ತಕದ ಗುರುತಿನ ಸಂಖ್ಯೆ, ಅಂದರೆ ಐಎಸ್‌ಬಿಎನ್ ನೋಡಿ ಅಂತ ಎಲ್ಲರೂ ಹೇಳುತ್ತಾರೆ, ಅರ್ಧ ಮಾತ್ರ ಹೇಳುತ್ತಾರೆ. ಹದಿಮೂರು ಅಂಕಿಗಳನ್ನು ಎಡದಿಂದ 1, 3, 1, 3 ಅಂತ ಸರದಿಯಲ್ಲಿ ಗುಣಿಸಿ ಕೂಡಿದರೆ ಬರುವ ಮೊತ್ತ ಹತ್ತರಿಂದ ಪೂರ್ತಿ ಭಾಗವಾಗಬೇಕು. ಆಗದಿದ್ದರೆ ಆ ಸಂಖ್ಯೆ ಸುಳ್ಳು. ಆದರೆ ಆಯಿತು ಅಂದ ಮಾತ್ರಕ್ಕೆ ಪುಸ್ತಕ ಅಸಲಿ ಅಲ್ಲ, ಸ್ಕ್ಯಾನ್ ಮಾಡಿದ ಮುಖಪುಟದಲ್ಲಿ ಸಂಖ್ಯೆಯೂ ಸ್ಕ್ಯಾನ್ ಆಗಿರುತ್ತದಲ್ಲ. ಮುಖಪುಟದ ಸಂಖ್ಯೆಯನ್ನು ಒಳಗಿನ ಕಾಪಿರೈಟ್ ಪುಟದ ಸಂಖ್ಯೆಯ ಜೊತೆ ಹೋಲಿಸಿ. ನಮ್ಮ ಪೆಟ್ಟಿಗೆಯ ಎರಡನೇ ಪುಸ್ತಕ ಸಿಕ್ಕಿಬಿದ್ದದ್ದು ಹಾಗೆ: ಹೊರಗೊಂದು, ಒಳಗೊಂದು.

ಇನ್ನು ಆ ಗುಲಾಬಿ ಅಂಚು. ‘ಲಿಮಿಟೆಡ್ ಎಡಿಷನ್’ ಅಂತ ಇನ್ನೂರು ಮುನ್ನೂರು ರೂಪಾಯಿ ಜಾಸ್ತಿ ಕೇಳುವುದು ಇದರ ಹೆಸರಲ್ಲೇ. ಪ್ರಕಾಶಕರು ಹಾಕಿಸುವ ಬಣ್ಣದ ಅಂಚು ತೆಳುವಾಗಿ, ಒಣಗಿ ಇರುತ್ತದೆ. ಹಾಳೆ ಬೀಸಿದರೆ ಒಂದೊಂದೂ ಬಿಡುತ್ತದೆ. ಇದು ಸ್ಪ್ರೇ ಡಬ್ಬಿಯಿಂದ ಮನೆಯಲ್ಲಿ ಹೊಡೆದದ್ದು. ಪುಸ್ತಕವನ್ನು ಬಿಗಿಯಾಗಿ ಅದುಮಿಡದೆ ಹೊಡೆದರೆ ಬಣ್ಣ ಹಾಳೆಗಳ ನಡುವೆ ಇಳಿಯುತ್ತದೆ, ಒಣಗುವಾಗ ಎಂಟು ಹತ್ತು ಹಾಳೆ ಅಂಟಿಕೊಂಡು ಬಿಸ್ಕತ್ತಿನ ಹಾಗೆ ಗಟ್ಟಿಯಾಗುತ್ತದೆ. ಉಗುರಿನಿಂದ ಬಿಡಿಸಹೋದರೆ ಅಂಚಿನ ಎರಡು ಮಿಲಿಮೀಟರ್ ಕಾಗದ ಸಿಪ್ಪೆಯಂತೆ ಏಳುತ್ತದೆ. ಬಿಡಿಸಲೇಬೇಕಾದರೆ ತೆಳ್ಳನೆಯ ಮೂಳೆ ಅಥವಾ ಪ್ಲಾಸ್ಟಿಕ್ ಪಟ್ಟಿಯನ್ನು ಒಳಗಿನಿಂದ, ಅಂದರೆ ಬೆನ್ನಿನ ಕಡೆಯಿಂದ ಹೊರಕ್ಕೆ ಜಾರಿಸಿ. ಪರೀಕ್ಷೆ ಸುಲಭ: ಒದ್ದೆ ಮಾಡಿ ಹಿಂಡಿದ ಕಿವಿಕಡ್ಡಿಯನ್ನು ಅಂಚಿಗೆ ಒಂದು ಸಲ ಒರೆಸಿ. ಹತ್ತಿ ಗುಲಾಬಿ ಆಯಿತೋ, ಬೇಸಿಗೆಯಲ್ಲಿ ಬೆವರಿದ ಹೆಬ್ಬೆರಳೂ ಗುಲಾಬಿ ಆಗುತ್ತದೆ. ಆ ಹೆಬ್ಬೆರಳಿನ ಗುರುತು ಪ್ರತಿ ಪುಟದ ಬಲಮೂಲೆಯಲ್ಲೂ ಬೀಳುತ್ತದೆ.

ಅಲಂಕಾರದ ಸಾಮಾನುಗಳಲ್ಲಿ ಅತಿ ಹೆಚ್ಚು ಹಾಳು ಮಾಡಿದ್ದು ಸ್ಟಿಕಿ ಟ್ಯಾಬ್. ನಗು ಬಂದ ಕಡೆ ಹಳದಿ, ಕಿಚಾಯಿಸುವ ಮಾತಿಗೆ ನೀಲಿ, ಮೊದಲ ಮುತ್ತಿಗೆ ಗುಲಾಬಿ ಅಂತ ಅಂಟಿಸುತ್ತಾ ಹೋಗುವುದು ಈಗ ಎಲ್ಲರ ಅಭ್ಯಾಸ, ಅದರಲ್ಲೇನೂ ತಪ್ಪಿಲ್ಲ. ಕಾಗದದ ಟ್ಯಾಬ್‌ನಲ್ಲಿ ಅಂಟು ಸಣ್ಣ ಸಣ್ಣ ಗುಳ್ಳೆಯ ಹಾಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ಅದಕ್ಕೇ ಸುಲಭವಾಗಿ ಬಿಡುತ್ತದೆ. ಅಗ್ಗದ ಪಾರದರ್ಶಕ ಪ್ಲಾಸ್ಟಿಕ್ ಟ್ಯಾಬ್‌ನಲ್ಲಿ ಅಂಟು ಒಂದೇ ಪದರವಾಗಿ ಬಳಿದಿರುತ್ತದೆ. ಅಂಟಿಸಿದ ದಿನ ಚೆನ್ನಾಗಿ ಬರುತ್ತದೆ, ಒಂದು ವಾರ ಬಿಟ್ಟು ಎತ್ತಿದರೆ ಅಕ್ಷರವನ್ನೂ ಕರೆದುಕೊಂಡು ಬರುತ್ತದೆ. ಕಳ್ಳ ಮುದ್ರಣದ ಸಡಿಲ ಶಾಯಿ ಇದ್ದರಂತೂ ಮುಗಿಯಿತು. ಪುಟ 88ರಲ್ಲಿ ಹೀಗೇ ಒಂದೂವರೆ ಸಾಲು ಎದ್ದು ಬಂತು: ಟ್ಯಾಬ್‌ನ ಹಿಂದೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗಾಗಿ ನಾಯಕನ ಮಾತು, ಪುಟದಲ್ಲಿ ಬಿಳಿ ನೂಲು ನೂಲು.

ಈಗಾಗಲೇ ಅಂಟಿಸಿದ್ದರೆ ಮೇಲಕ್ಕೆ ಎಳೆಯಬೇಡಿ. ಹೇರ್ ಡ್ರೈಯರ್ ಇದ್ದರೆ ಒಂದು ಗೇಣು ದೂರದಿಂದ ಹತ್ತು ಸೆಕೆಂಡು ಬಿಸಿ ಕೊಟ್ಟು, ಟ್ಯಾಬ್‌ನ ತುದಿಯನ್ನು ಹಿಂದಕ್ಕೆ ಮಡಚಿ, ಪುಟಕ್ಕೆ ಒರಗಿಸಿಯೇ ನಿಧಾನ ಎಳೆಯಿರಿ. ಜಿಗುಟು ಉಳಿದರೆ ಮೆತ್ತನೆಯ ರಬ್ಬರಿನಿಂದ ಒಂದೇ ದಿಕ್ಕಿಗೆ ಉಜ್ಜಿ. ಮುಂದೆ ತರುವಾಗ ಕಾಗದದ್ದೇ ತನ್ನಿ, ಅಕ್ಷರದ ಮೇಲೆ ಬಿಟ್ಟು ಬರಿ ಅಂಚಿಗೆ ಹಚ್ಚಿ, ಒಂದು ಪುಸ್ತಕಕ್ಕೆ ಮೂವತ್ತು ಮೀರದಿರಲಿ. ಅದಕ್ಕಿಂತ ಜಾಸ್ತಿಯಾದರೆ ಮುಂದಿನ ಅಂಚು ಊದಿಕೊಂಡು ಬೆನ್ನಿನ ಗೋಂದು ಬಿರುಕು ಬಿಡುತ್ತದೆ. ಹೈಲೈಟರ್ ಬದಲು ಎಚ್‌ಬಿ ಪೆನ್ಸಿಲ್.

‘ಶ್ರೀಗಂಧದ’ ಬುಕ್‌ಮಾರ್ಕಿನ ವಿಷಯ ಹೇಳಲು ನಾಚಿಕೆಯಾಗುತ್ತದೆ. ನೂರು ವರ್ಷದ ಹಿಂದೆಯೇ ಗಂಧದೆಣ್ಣೆ ಕಾರ್ಖಾನೆ ಶುರುವಾದ ಊರಿನವರಿಗೇ ಯಾವುದೋ ಬಿಳಿ ಮರಕ್ಕೆ ಸೆಂಟು ಬಳಿದು ಮಾರಿದ್ದಾರೆ. ಗಂಧದ ಎಣ್ಣೆ ಇರುವುದು ಮರದ ಚೇಗಿನಲ್ಲಿ, ಹೊರಗಿನ ಬಿಳಿ ಭಾಗಕ್ಕೆ ವಾಸನೆಯೇ ಇಲ್ಲ. ಅಂಚನ್ನು ಬ್ಲೇಡಿನಿಂದ ಒಂಚೂರು ಕೆರೆದಾಗ ಒಳಗಿನಿಂದ ಪರಿಮಳ ಬರಬೇಕು. ಕೆರೆದ ಜಾಗದಲ್ಲಿ ವಾಸನೆ ಕಮ್ಮಿಯಾದರೆ ಅದು ಮೇಲೆ ಬಳಿದದ್ದು. ಬಳಿದದ್ದು ಪುಟಕ್ಕೂ ಇಳಿಯುತ್ತದೆ: ಎರಡು ಕಡೆಯೂ ನಾಲ್ಕೈದು ಹಾಳೆ ಎಣ್ಣೆ ಹೀರಿ ಗಾಜಿನ ಹಾಗೆ ಆಗಿದ್ದವು. ಸಾಲದ್ದಕ್ಕೆ ಮೂರು ಮಿಲಿಮೀಟರ್ ದಪ್ಪ. ಬುಕ್‌ಮಾರ್ಕ್ ಒಂದು ಮಿಲಿಮೀಟರ್ ದಾಟಿದರೆ ಪುಸ್ತಕ ಮುಚ್ಚಿಟ್ಟಾಗಲೂ ಅಲ್ಲೇ ಬಾಯಿ ಬಿಡುತ್ತದೆ. ಇನ್‌ಲೇ ಕೆಲಸದ ಬೀಟೆ ಮರದವು ಚಂದ, ಆದರೆ ಶೋಕೇಸಿನಲ್ಲಿ ಇರಲಿ.

ಎಣ್ಣೆ ಕಲೆಗೆ ಟಾಲ್ಕಂ ಪೌಡರ್ ಉದುರಿಸಿ, ಮೇಲೊಂದು ಬಿಳಿ ಕಾಗದ ಇಟ್ಟು, ಭಾರ ಹೇರಿ, ಒಂದು ದಿನ ಬಿಟ್ಟು ಮೆತ್ತನೆ ಬ್ರಷ್‌ನಿಂದ ಪೂರ್ತಿ ಕೊಡವಿ. ಎರಡು ಮೂರು ಸಲ ಮಾಡಿದರೆ ಕಲೆ ಮಾಸುತ್ತದೆ, ಪೂರ್ತಿ ಹೋಗುವುದಿಲ್ಲ. ಮೈದಾ, ಕಾರ್ನ್‌ಫ್ಲೋರ್ ಬೇಡ, ಹುಳು ಬರುತ್ತದೆ. ರೈಲಿನಲ್ಲಿ ಬೆಂಗಳೂರಿಗೆ ಹೋಗುತ್ತಾ ಒಂದು ಕೈಯಲ್ಲಿ ಕಾದಂಬರಿ, ಇನ್ನೊಂದರಲ್ಲಿ ಮದ್ದೂರು ವಡೆ ಹಿಡಿಯುವವರಿಗೂ ಇದೇ ಮದ್ದು.

ನಮ್ಮ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ಹಳೆಯ ಗ್ರಂಥಗಳಿಗೆ ನಿಂಬೆಹುಲ್ಲಿನ ಎಣ್ಣೆ ಸವರುತ್ತಾರೆ, ಹಾಗಾದರೆ ಪುಸ್ತಕಕ್ಕೂ ಸವರಬಹುದಲ್ಲ ಅಂತ ಕೆಲವರು ಕೇಳುತ್ತಾರೆ. ಅಲ್ಲಿ ಸವರುವುದು ತಾಳೆಗರಿಗೆ. ಗರಿ ಒಣಗಿ ಮುರಿಯದೆ ಬಾಗಲಿ, ಹುಳು ದೂರ ಇರಲಿ ಅಂತ. ಕಾಗದದ ಕಾದಂಬರಿಗೆ ಅದೇ ಎಣ್ಣೆ ಹಚ್ಚಿದರೆ ಕಲೆ ಮಾತ್ರ ಲಾಭ.

ಬಟ್ಟೆ ಚೀಲದ ತಪ್ಪು ಟೈಲರಿಂಗ್ ಲೆಕ್ಕದ್ದು. ಸಾಧಾರಣ ಪೇಪರ್‌ಬ್ಯಾಕ್ 12.9 ಸೆಂಟಿಮೀಟರ್ ಅಗಲ, 19.8 ಎತ್ತರ, ದಪ್ಪ ಸುಮಾರು 2.5. ಚೀಲದ ಒಳಗಿನ ಅಗಲ 15 ಸೆಂಟಿಮೀಟರ್ ಇತ್ತು. ಅಗಲಕ್ಕೆ ದಪ್ಪವನ್ನು ಕೂಡಿದರೆ 15.4 ಆಗುತ್ತದೆ ಅನ್ನುವುದು ಹೊಲಿದವರಿಗೆ ಹೊಳೆದಿಲ್ಲ. ತುರುಕಿದಾಗ ಮುಖಪುಟದ ನಾಲ್ಕೂ ಮೂಲೆ ಮಡಚಿತು. ಒಳ ಅಗಲ 17, ಎತ್ತರ 23 ಇರಬೇಕು. ಸ್ಪಂಜು, ಹೊಲಿಗೆ ಸೇರಿ 20ಕ್ಕೆ 26ರ ಎರಡು ತುಂಡು ಕತ್ತರಿಸಿ ಅಂತ ನಿಮ್ಮ ಬೀದಿಯ ಟೈಲರಿಗೆ ಹೇಳಿದರೆ ಅರ್ಧ ಗಂಟೆಯಲ್ಲಿ ಹೊಲಿದು ಕೊಡುತ್ತಾರೆ. ವೆಲ್ಕ್ರೋ ಬೇಡ, ಅದರ ಮುಳ್ಳು ಮ್ಯಾಟ್ ಮುಖಪುಟವನ್ನು ಗೀರುತ್ತದೆ. ಗುಂಡಿ ಅಥವಾ ಲಾಡಿ ಸಾಕು. ಚೀಲದ ಒಳಪದರಕ್ಕೆ ಮೇಲುಕೋಟೆಯ ಕೈಮಗ್ಗದ ಹಳೇ ಪಂಚೆ ಇದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಹೊಸ ಬಟ್ಟೆಯಾದರೆ ರಾತ್ರಿ ನೀರಲ್ಲಿ ನೆನೆಹಾಕಿ, ಎರಡು ಸಲ ಒಗೆದು ಗಂಜಿ ಪೂರ್ತಿ ತೆಗೆಯಿರಿ. ಬೆಳ್ಳಿಹುಳುವಿಗೆ ಗಂಜಿ ಅಂದರೆ ಹಬ್ಬದೂಟ, ಬಟ್ಟೆ ಮುಗಿಸಿ ಪುಸ್ತಕದ ಬೆನ್ನಿಗೆ ಬರುತ್ತದೆ.

ಮ್ಯಾಗ್ನೆಟ್ ಬುಕ್‌ಮಾರ್ಕ್ ಓದುವಾಗ ಸರಿ. ಓದಿ ಮುಗಿದ ಪುಸ್ತಕದಲ್ಲೇ ತಿಂಗಳುಗಟ್ಟಲೆ ಬಿಟ್ಟರೆ ಪುಟಕ್ಕೆ ತಗ್ಗು ಬೀಳುತ್ತದೆ, ಅಂಟು ಬಿಟ್ಟ ಅಗ್ಗದ್ದಾದರೆ ಮಳೆಗಾಲದಲ್ಲಿ ತುಕ್ಕಿನ ಕಲೆ. ಕಿಂಡಲ್‌ನಂಥ ಇ-ರೀಡರಿನ ಕವರಿಗೆ ಸಿಕ್ಕಿಸಿದರೆ ಪರದೆ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಕವರ್ ಮುಚ್ಚಿತು ಅಂತ ತಿಳಿಯಲು ಅದರೊಳಗೆ ಮ್ಯಾಗ್ನೆಟ್ ಗುರುತಿಸುವ ಸೆನ್ಸರ್ ಇರುತ್ತದೆ, ಅದು ಮೋಸ ಹೋಗಿ ಮಲಗುತ್ತದೆ. ಮೇಣದಬತ್ತಿ ಕೊರಿಯರ್ ವ್ಯಾನಿನ ಬಿಸಿಲಿಗೆ ಕರಗಿ ಒಂದು ಪಕ್ಕಕ್ಕೆ ವಾಲಿ ಬಂದಿತ್ತು, ಸ್ವಲ್ಪ ಮುಖಪುಟಕ್ಕೂ ಸುರಿದಿತ್ತು. ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಕಟ್ಟಿ ಇಪ್ಪತ್ತು ನಿಮಿಷ ಫ್ರೀಜರಿನಲ್ಲಿಟ್ಟರೆ ಮೇಣ ಪಟ್ಟನೆ ಏಳುತ್ತದೆ. ಇಸ್ತ್ರಿ ಪೆಟ್ಟಿಗೆ ಇಡಬೇಡಿ, ಮುಖಪುಟದ ಲ್ಯಾಮಿನೇಷನ್ ಸುಕ್ಕಾಗುತ್ತದೆ.

ದುಡ್ಡಿನ ಲೆಕ್ಕವೂ ಒಂದಿದೆ. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಮೇಣದಬತ್ತಿ, ಚೀಲ ಸೇರಿಸಿ ಎಲ್ಲಕ್ಕೂ ಒಂದೇ ಬೆಲೆ ಕಟ್ಟಿ ಮಾರಿದರೆ ಅದು ಮಿಶ್ರ ಪೂರೈಕೆ, ಅದರಲ್ಲಿ ಹೆಚ್ಚು ತೆರಿಗೆ ಇರುವ ವಸ್ತುವಿನ ದರವೇ ಪೂರ್ತಿ ಪೆಟ್ಟಿಗೆಗೆ ಬೀಳುತ್ತದೆ. ಪುಸ್ತಕ ಬೇರೆ, ಸಾಮಾನು ಬೇರೆ ಕೊಂಡರೆ ಆ ಭಾರವೂ ಇಲ್ಲ. ಇವರು ಬಿಲ್ಲನ್ನೇ ಕೊಟ್ಟಿರಲಿಲ್ಲ, ಆ ಮಾತು ಬೇರೆ.

ಮೋಸ ಹೋದವರು ಸುಮ್ಮನಾಗಬೇಡಿ. ಪೆಟ್ಟಿಗೆ ಬಿಚ್ಚುವಾಗಲೇ, ಮೊಹರು ಒಡೆಯುವುದಕ್ಕೆ ಮುಂಚಿನಿಂದ ತಡೆಯಿಲ್ಲದೆ ವಿಡಿಯೊ ಮಾಡಿ. ಪುಟ 272 ಮತ್ತು ಅದರೆದುರಿನ 257 ಒಟ್ಟಿಗೆ ಕಾಣುವಂತೆ ಒಂದು ಫೋಟೊ, ಎರಡು ಐಎಸ್‌ಬಿಎನ್ ಒಂದೊಂದು ಫೋಟೊ, ಯುಪಿಐ ವ್ಯವಹಾರ ಸಂಖ್ಯೆ, ಪೇಜ್ ಅಳಿಸಿಹೋಗುವ ಮೊದಲೇ ಜಾಹೀರಾತಿನ ಸ್ಕ್ರೀನ್‌ಶಾಟ್, ಇಷ್ಟು ಸಾಕು. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಹಣ ಪಡೆದು ಪೆಟ್ಟಿಗೆಯನ್ನೇ ಕಳಿಸದೆ ಮಾಯವಾದವರಾದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ, ಅದೂ ಅವತ್ತೇ. ಕಳ್ಳ ಮುದ್ರಣ ಗೊತ್ತಿದ್ದೂ ಮಾರುವುದು 1957ರ ಕಾಪಿರೈಟ್ ಕಾಯ್ದೆಯ 63ನೇ ಕಲಮಿನ ಅಪರಾಧ. ಆರು ತಿಂಗಳಿಂದ ಮೂರು ವರ್ಷ ಸಜೆ, 50 ಸಾವಿರದಿಂದ 2 ಲಕ್ಷ ದಂಡ. ಅಸಲಿ ಪ್ರಕಾಶಕರಿಗೂ ಫೋಟೊ ಸಮೇತ ಒಂದು ಮೇಲ್ ಹಾಕಿ.

ಮಾರಿದವರು ದೆಹಲಿಯವರಾದರೆ ಅಲ್ಲಿಗೇ ಹೋಗಬೇಕೇನೋ ಅಂತ ಬಹಳ ಜನ ಕೈಬಿಡುತ್ತಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನೀವು ವಾಸ ಮಾಡುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಮೈಸೂರಿನವರು ಮೈಸೂರಿನಲ್ಲಿ, ಮಂಡ್ಯದವರು ಮಂಡ್ಯದಲ್ಲಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಆನ್‌ಲೈನ್‌ನಲ್ಲೂ ಹಾಕಬಹುದು. ದೂರಿಗೆ ಎದುರುದಾರರ ವಿಳಾಸ ಬೇಕೇ ಬೇಕು. ಹಾಗಾಗಿ ಪೆಟ್ಟಿಗೆಯ ಮೇಲಿನ ಕೊರಿಯರ್ ಚೀಟಿಯನ್ನು ಹರಿದು ಕಸಕ್ಕೆ ಹಾಕಬೇಡಿ, ಅವರ ವಿಳಾಸ ಇರುವುದು ಅದೊಂದರಲ್ಲೇ.